ನೈದಿಲೆ ದಂಟಿಗೆ ಸುತ್ತಿದ ಮೀನು

ಹೆಸರಿಗೆ ಅದು ಕೆರೆ. ನೀರು ಅಂತ ಕಾಣ್ತಿದ್ದಿದ್ದು ಏರಿ ಹತ್ರ ಒಂಚೂರು. ಮಿಕ್ಕಿದ್ದೆಲ್ಲ ನೈದಿಲೆ ಎಲೆ. ಎಲೆ ಮೇಲೆ ಎಲೆ, ಅದರ ಮೇಲೊಂದು ಎಲೆ. ಕಪ್ಪೆಗಳು ಈ ದಡದಿಂದ ಆ ದಡಕ್ಕೆ ಕಾಲು ನೆನೆಯದ ಹಾಗೆ ಓಡಾಡ್ತಿದ್ವು.

ಬಲೆ ಹಾಕೋರೆಲ್ಲ ಏರಿ ಹತ್ರಾನೇ ಹಾಕ್ಕೊಂಡು ಹೋಗ್ತಿದ್ರು. ಎಲೆ ಒಳಕ್ಕೆ ತೆಪ್ಪ ನುಗ್ಗಿಸ್ತಿದ್ದೋಳು ನಿಂಗಾಜವ್ವ ಒಬ್ಬಳೇ.

ಅವಳ ಹತ್ರ ಇದ್ದಿದ್ದು ಒಂದು ಬಿದಿರು ಕೋಲು, ಒಂದು ದಪ್ಪ ದಾರ, ಹಳೇ ಸೀರೆ ಚೂರಲ್ಲಿ ತಾನೇ ಹೊಲಿದ ಬಟ್ಟೆ ಕಪ್ಪೆ. ಗಾಳದ ಮೊನೆ ಆ ಕಪ್ಪೆ ಬೆನ್ನಿಗೆ ಅಂಟ್ಕೊಂಡಿರ್ತಿತ್ತು. ಎಲೆ ಮೇಲೆ ಎಳೆದ್ರೆ ಸಿಕ್ಕಾಕ್ಕೊಳ್ತಿರಲಿಲ್ಲ. ಮೀನು ಕಚ್ಚಿದ್ರೆ ಬಿಡ್ತಿರಲಿಲ್ಲ.

ಅವಳ ಹತ್ರ ಕಲಿಯೋಕೆ ಅಂತ ಬಂದಿದ್ದೋನು ಬೆಳ್ಳಪ್ಪ.

ಅವನ ಹೆಂಡ್ತಿ ಚಿಕ್ಕತಾಯಿ ಆಗತಾನೇ ಹೆತ್ತು ಮಲಗಿದ್ಲು. ರಕ್ತ ತುಂಬಾ ಹೋಗಿತ್ತು. ಎದೇಲಿ ಹಾಲು ಇಳೀತಿರಲಿಲ್ಲ. ಮಗು ಅತ್ತು ಅತ್ತು ಈಗ ಅಳೋದನ್ನೂ ಕಮ್ಮಿ ಮಾಡಿತ್ತು.

"ಕೊರಮೀನಿನ ಸಾರು ಕುಡಿಸ್ರಪ್ಪ, ಮೈಗೆ ಹಿಡೀತದೆ" ಅಂತ ಸೂಲಗಿತ್ತಿ ಹೇಳಿ ಹೋಗಿದ್ಲು.

ಕೊರಮೀನು ಏರಿ ಹತ್ರ ಬರಲ್ಲ. ಅದು ಇರೋದು ಎಲೆ ಕೆಳಗೆ.

ಅವತ್ತು ಬೆಳಿಗ್ಗೆ ನಿಂಗಾಜವ್ವ ತೆಪ್ಪ ತಳ್ಳಿಕೊಂಡು ಬಂದಾಗ ಬೆಳ್ಳಪ್ಪ ಆಗಲೇ ಕೆರೆ ನಡುವೆ ತನ್ನ ತೆಪ್ಪದ ಮೇಲೆ ಕೂತಿದ್ದ. ಸುತ್ತ ಒಂದು ಕೋಣೆಯಷ್ಟಗಲ ಎಲೆಯಿಲ್ಲದ ಬರೀ ನೀರು ಕಾಣ್ತಿತ್ತು. ಕೊಯ್ದ ಎಲೆಯೆಲ್ಲ ಒಂದು ಕಡೆ ಗುಡ್ಡೆ ಬಿದ್ದಿತ್ತು. ಅವನ ಕೈಯಲ್ಲಿ ಕುಡುಗೋಲು.

"ಏನ್ಲಾ ಇದು?"

"ಎಲೆ ಅಡ್ಡ ಬತ್ತಿತ್ತು ಕಣವ್ವ. ಮೀನು ಕಾಣ್ಲಿ ಅಂತ ಕೊಯ್ದೆ."

"ಕಾಣ್ತಾ?"

ಬೆಳ್ಳಪ್ಪ ತಲೆ ತಗ್ಗಿಸಿದ. "ಒಂದೂ ಇಲ್ಲ."

"ಅವರ ಮನೆ ಸೂರು ಕಿತ್ತಾಕ್ಬುಟ್ಟು, ಮನೇಲಿ ಯಾರೂ ಇಲ್ವಾ ಅಂತ ಕೂಗ್ತಾ ಕುಂತಿದ್ದೀಯಲ್ಲೋ! ಬಾ, ನನ್ನ ತೆಪ್ಪ ಹತ್ತು. ಆ ಕುಡುಗೋಲು ಇತ್ತ ಕೊಡು."

ಅವಳು ಕುಡುಗೋಲು ಇಸ್ಕೊಂಡು ಕಾಲಡಿ ಇಟ್ಕೊಂಡ್ಲು. ತೆಪ್ಪ ಎಲೆ ದಟ್ಟವಾಗಿರೋ ಕಡೆ ಹೋಗಿ ನಿಂತಿತು.

"ಮಲಕ್ಕೋ."

"ಎಲ್ಲವ್ವ?"

"ತೆಪ್ಪದ ಮೇಲೆ. ಹೊಟ್ಟೆ ಕೆಳಗೆ ಮಾಡಿ. ಕಿವಿ ಎಲೆ ಹತ್ರ ಇಡು."

"ನಾನು ಮೀನು ಹಿಡಿಯಕ್ಕೆ ಬಂದಿರೋದು."

"ನಾನೇನು ಲಾಲಿ ಹಾಡಕ್ಕೆ ಬಂದಿದ್ದೀನಾ? ಮಲಕ್ಕೋ ಅಂದ್ರೆ ಮಲಕ್ಕೋ."

ಬೆಳ್ಳಪ್ಪ ಮಲಗಿದ. ಮೊದಲು ತನ್ನ ಎದೆ ಬಡಿಯೋದೊಂದೇ ಕೇಳಿಸ್ತು. ಆಮೇಲೆ ಎಲೆ ಮೇಲೆ ಇರುವೆ ಹರಿಯೋದು ಕಾಣಿಸ್ತು. ಎಲೆ ಅಂಚಿಂದ ನೀರು ಒಳಕ್ಕೆ ಬರೋದು, ಮತ್ತೆ ಹೊರಕ್ಕೆ ಜಾರೋದು ಕಾಣಿಸ್ತು. ಇಷ್ಟು ದಿನ ಈ ಕೆರೆ ಮೇಲೆ ಓಡಾಡಿದ್ರೂ ಅದನ್ನ ಅವನು ನೋಡಿರಲಿಲ್ಲ.

ಗುಳುಕ್.

ಬೆಳ್ಳಪ್ಪ ತಲೆ ಎತ್ತಿದ.

"ಏನವ್ವ ಅದು?"

"ಉಸಿರು."

"ಯಾರ್ದು?"

"ನೀನು ಹುಡುಕ್ತಿದ್ದೀಯಲ್ಲ, ಅವನ್ದು."

"ಮೀನು ಗಾಳಿ ಕುಡೀತದಾ?"

"ಯಾಕೆ, ಗಾಳಿ ಏನು ನಿಮ್ಮಪ್ಪನ ಆಸ್ತಿನಾ?"

ಅವನಿಗೆ ನಗು ಬರಲಿಲ್ಲ. ಒಂದು ಮೊಳ ದೂರದಲ್ಲಿ, ಅದೇ ಎಲೆ ಕೆಳಗೆ, ಕಣ್ಣಿಗೆ ಕಾಣದ ಇನ್ನೊಂದು ಜೀವ ಅವನ ಜೊತೆ ಅದೇ ಗಾಳಿ ಕುಡೀತಿತ್ತು. ಅವನು ತನ್ನ ಉಸಿರನ್ನೂ ಮೆತ್ತಗೆ ಮಾಡ್ಕೊಂಡ.

"ಈಗ ಏಳು. ತಗೋ ಕೋಲು, ಕಪ್ಪೆ ಬಿಡು."

ಬಟ್ಟೆ ಕಪ್ಪೆ ಎಲೆ ಮೇಲೆ ಬಿತ್ತು. ಬೆಳ್ಳಪ್ಪ ಮೆಲ್ಲಗೆ ಎಳೆದ. ಒಂದು ಎಲೆ ದಾಟ್ತು, ಇನ್ನೊಂದು ದಾಟ್ತು. ಎಲೆ ಅಂಚಿಗೆ ಬಂದಾಗ ಅವ್ವ ಕೈ ಎತ್ತಿ ನಿಲ್ಲಿಸು ಅಂತ ಸನ್ನೆ ಮಾಡಿದ್ಲು. ನಿಲ್ಲಿಸಿದ.

ಎಲೆ ನಡುಗ್ತು.

ಅಷ್ಟೇ. ಕೆಳಗಿಂದ ಕೆರೇನೇ ಬಾಯಿ ತೆರೆದ ಹಾಗಾಯ್ತು. ಎಲೆ ಹರಿದು ಮೇಲಕ್ಕೆ ಹಾರಿತು, ನೀರು ಅವನ ಮುಖಕ್ಕೆ ರಾಚಿತು, ಕಪ್ಪೆ ಇದ್ದ ಜಾಗದಲ್ಲಿ ಕಪ್ಪು ಗುಂಡಿ ಸುತ್ತುತ್ತಾ ಇತ್ತು. ಕೋಲು ಬಿಲ್ಲಿನ ಹಾಗೆ ಬಗ್ಗಿತು.

"ಸಿಕ್ತು! ಅವ್ವಾ, ಸಿಕ್ತು!"

ಮೀನು ಕೆಳಕ್ಕೆ ಧುಮುಕಿತು. ದಂಟುಗಳ ನಡುವೆ ನುಗ್ಗಿ, ಒಂದಕ್ಕೆ ಸುತ್ತಿ, ಇನ್ನೊಂದಕ್ಕೆ ಸುತ್ತಿ, ನಿಂತ್ಬಿಡ್ತು. ದಾರ ಕಲ್ಲಿಗೆ ಕಟ್ಟಿದ ಹಾಗೆ ಬಿಗಿದುಕೊಂಡ್ತು.

ಬೆಳ್ಳಪ್ಪ ಎಳೆದ. ಬರಲಿಲ್ಲ. ಕೋಲು ಕಾಲಡಿ ಒತ್ಕೊಂಡು ದಾರಾನೇ ಕೈಗೆ ಸುತ್ತಿಕೊಂಡು ಎಳೆದ. ಅಂಗೈ ಕುಯ್ದು ರಕ್ತ ಬಂತು.

"ಕುಡುಗೋಲು ಕೊಡವ್ವ! ಇಳಿದು ದಂಟು ಕೊಯ್ತೀನಿ!"

"ನೀನು ಇಳಿದ್ರೆ ಅದು ಬೆದರಿ ಒದ್ದಾಡ್ತದೆ. ದಾರ ಕಡಿದೋಯ್ತದೆ. ಸಡ್ಲ ಬಿಡು."

"ಏನು?"

"ದಾರ. ಸಡ್ಲ ಬಿಡು."

"ಬಿಟ್ರೆ ಗಾಳ ಕಳಚ್ಕೊಂಡು ಹೋಯ್ತದವ್ವ!"

"ಹೋದ್ರೂ ಹೋಗ್ಬಹುದು."

"ಮನೇಲಿ ಕೂಸು..."

"ಗೊತ್ತು ಕಣಪ್ಪ." ಅವಳ ದನಿ ಇಳೀತು. "ಬಿಡು."

ಬೆಳ್ಳಪ್ಪ ಅವಳ ಮುಖ ನೋಡಿದ, ದಾರ ನೋಡಿದ. ಒಂದೊಂದೇ ಬೆರಳು ಬಿಚ್ಚಿದ.

ದಾರ ಜೋತು ಬಿದ್ದು ನೀರಲ್ಲಿ ಮುಳುಗ್ತು.

ಕೆರೆ ಸುಮ್ಮನಾಯ್ತು. ಹರಿದ ಎಲೆ ತೇಲಿಕೊಂಡು ಬಂದು ತೆಪ್ಪಕ್ಕೆ ತಾಗಿ ನಿಂತಿತು. ಒಂದು ಕೊಕ್ಕರೆ ಬಂದು ಕೂತು, ಬೇಜಾರಾಗಿ ಎದ್ದು ಹೋಯ್ತು. ಬೆಳ್ಳಪ್ಪನ ಕಣ್ಣು ತುಂಬಿತ್ತು. ಒರೆಸಿಕೊಳ್ಳೋಕೂ ಕೈ ಅಲ್ಲಾಡಿಸಲಿಲ್ಲ.

ಆಗ ದೂರದಲ್ಲಿ ಒಂದು ಎಲೆ ತಲೆ ಆಡಿಸ್ತು.

ಗಾಳಿ ಇರಲಿಲ್ಲ. ಮಿಕ್ಕ ಎಲೆ ಯಾವುದೂ ಅಲ್ಲಾಡಲಿಲ್ಲ. ಸ್ವಲ್ಪ ಹೊತ್ತಿಗೆ ಅದರ ಪಕ್ಕದ್ದು ಆಡ್ತು. ಆಮೇಲೆ ಅದರ ಈಚೆದು.

ಮೀನು ಯಾವ ದಂಟಿಗೆ ಎಡಕ್ಕೆ ಸುತ್ತಿತ್ತೋ ಅದಕ್ಕೆ ಬಲಕ್ಕೆ ಸುತ್ತಿ ಬರ್ತಿತ್ತು. ಕತ್ತಲಲ್ಲಿ ಗೋಡೆ ತಡವಿಕೊಂಡು ಬಾಗಿಲಿಗೆ ಬರೋರ ಹಾಗೆ, ಹೋದ ದಾರೀಲೇ ವಾಪಸ್ ಬರ್ತಿತ್ತು. ಒಂದೊಂದು ಎಲೆ ತಲೆ ಆಡಿಸಿ ಅದು ಬರೋ ದಾರಿ ತೋರಿಸ್ತಿತ್ತು. ಕಗ್ಗಂಟಾಗಿದ್ದ ದಾರ ತನ್ನಷ್ಟಕ್ಕೆ ತಾನು ಬಿಚ್ಚಿಕೊಳ್ತಿತ್ತು.

ತೆಪ್ಪದ ಪಕ್ಕದಲ್ಲೇ ಅದು ಉಸಿರಿಗೆ ಅಂತ ಮೇಲೆ ಬಂತು. ಹಾವಿನ ತಲೆ, ಎಮ್ಮೆಗರು ಬಣ್ಣದ ಬೆನ್ನು, ಬೆಳಕು ಬಿದ್ದ ಕಡೆ ಚಿನ್ನ. ಬೆಳ್ಳಪ್ಪ ಎಳೀಲಿಲ್ಲ. ಬಗ್ಗಿ, ಮಗೂನ ಎತ್ತಿಕೊಳ್ಳೋ ಹಾಗೆ ಎರಡೂ ಕೈ ಹಾಕಿ ಎತ್ತಿಕೊಂಡ.

ತೊಡೆ ಮೇಲಿಟ್ಟುಕೊಂಡು ಅದರ ಬಾಯಿಂದ ಗಾಳ ಮೆತ್ತಗೆ ಬಿಡಿಸಿದ. ಸಾರು ಮಾಡೋ ಮೀನಿನ ಮುಂದೆ ಕೈ ಮುಗೀಬೇಕು ಅನ್ನಿಸಿದ್ದು ಅವನಿಗೆ ಅದೇ ಮೊದಲು.

ನಿಂಗಾಜವ್ವ ಆಗಲೇ ತೆಪ್ಪ ತಿರುಗಿಸಿ ಅವನ ಮನೆ ದಿಕ್ಕಿಗೆ ತಳ್ತಿದ್ಲು.

"ಅವ್ವಾ, ಬಿಟ್ರೆ ಅದು ಬತ್ತದೆ ಅಂತ ನಿಂಗೆ ಹೆಂಗೆ ಗೊತ್ತಿತ್ತು?"

"ಬತ್ತದೆ ಅಂತ ಗೊತ್ತಿರಲಿಲ್ಲ ಕಣಪ್ಪ. ನೀನು ಎಳೀತಾ ಇರೋ ತನಕ ಬರಲ್ಲ ಅಂತ ಗೊತ್ತಿತ್ತು, ಅಷ್ಟೇ."