ಮುತ್ತು ಕೇಳಿದ ದೊರೆಯ ಕೈಗೆ ಚಿಪ್ಪು

ಒಂದಾನೊಂದು ಊರಿನಲ್ಲಿ, ಎಂದರೆ ಮಂಚು ಜನರ ಹಿಮದ ನಾಡಿನಲ್ಲಿ, ಒಬ್ಬ ದೊರೆ ಇದ್ದ. ಅಲ್ಲಿ ಚಳಿ ಎಷ್ಟೆಂದರೆ, ಆಡಿದ ಮಾತು ಹೆಪ್ಪುಗಟ್ಟಿ ಕಾಲ ಮೇಲೆ ಬೀಳುತ್ತಿತ್ತು. ಹಾಗಾಗಿ ಯಾರೂ ಒರಟು ಮಾತೇ ಆಡುತ್ತಿರಲಿಲ್ಲ. ಬೆರಳು ಜಜ್ಜಿಹೋಗುತ್ತದೆ ನೋಡಿ.

ದೊರೆಗೊಂದು ಟೋಪಿ. ಟೋಪಿಗೊಂದು ಬಾಯಿ. ಒಂದು ಬೆಳಿಗ್ಗೆ ಟೋಪಿ ಹೇಳಿತು, "ನನ್ನ ನೆತ್ತಿ ಬೋಳು. ಮುತ್ತು ಬೇಕು."

ದೊರೆ ಡಂಗುರ ಹೊಡೆಸಿದ: "ಮುತ್ತು ನೀರಿನಿಂದ ಹೊರಡಲಿ. ಚಿಪ್ಪನ್ನು ದಾಟಲಿ. ಬಲೆಗೆ ಬೀಳಲಿ."

ಊರಿಗೆಲ್ಲ ಮುತ್ತು ತೆಗೆಯುವವನು ಒಬ್ಬನೇ, ಸಹಾಲಿಯಾನ್. ನದಿಯೋ ಮೊಣಕಾಲುದ್ದ ಹೆಪ್ಪುಗಟ್ಟಿತ್ತು. ಇಳಿದವನು ಮೇಲೆ ಬರುವುದು ಹಿಮ ಕರಗಿದ ಮೇಲೆ, ಅದೂ ಮಾತಾಡದೆ.

"ಹೋಗ್ಬೇಡಿ," ಅಂದಳು ಅವನ ಹೆಂಡತಿ ಇಲ್ಹಾ.

"ದೊರೆ ಮಾತು ಕಣೆ."

"ಮಾತು ತಾನೆ? ನೋಡೋಣ," ಎಂದು ಅಂಗಳದಲ್ಲಿ ಬಿದ್ದಿದ್ದ ಡಂಗುರದ ಮಾತನ್ನು ಎತ್ತಿಕೊಂಡು ಹಿಂದೆ ಮುಂದೆ ತಿರುವಿ ನೋಡಿದಳು. "ನೀರು ಅಂತಿದೆ. ಯಾವ ನೀರು ಅಂತಿಲ್ಲ. ನೀವು ಸುಮ್ನೆ ಬನ್ನಿ."

ದಡದ ಹಿಮದ ಮೇಲೆ ಗೆರೆ ಎಳೆದಳು. ಈ ಗೆರೆಯಿಂದಾಚೆ ನೀರು ಅಂದಳು. ಮುತ್ತಿಗಾಗಿ ದೊರೆ ದಡಕ್ಕೇ ಬಂದು ಕೂತಿದ್ದ; ಅವನ ಸಿಪಾಯಿಗಳನ್ನು ಅಲ್ಲಿ ನಿಲ್ಲಿಸಿದಳು. ಮುಂದೆ ಗಂಡನನ್ನೂ ನೆರೆಮನೆಯ ಯಂಬುವನ್ನೂ ನಿಲ್ಲಿಸಿ, ಇಬ್ಬರ ಎರಡೂ ಕೈಗೆ ಮರದ ಚಿಪ್ಪು ಕೊಟ್ಟಳು. ಅವರ ಹಿಂದೆ ಬಲೆ ಹಿಡಿದ ಮಂತ್ರಿ. ಮುತ್ತು ಯಾವುದು? ಜಿಂಕೆಕೂದಲು ತುಂಬಿದ ತೊಗಲಿನ ಚೆಂಡು.

"ಇದು ಮುತ್ತಾ?" ಅಂದ ದೊರೆ.

"ಸಣ್ಣ ದೊರೆಗೆ ಸಣ್ಣ ಮುತ್ತು, ಮಹಾಪ್ರಭು. ನೀವು ಸಣ್ಣ ದೊರೆಯೇ?" ಅಂದಳು ಇಲ್ಹಾ.

"ನನಗೆ ದೊಡ್ಡದೇ ಬೇಕು," ಅಂದಿತು ಟೋಪಿ.

"ಹಾಗಾದರೆ ಒಂದು ಮಾತು. ಮುತ್ತು ಬಲೆಗೆ ಬೀಳುವ ತನಕ ಯಾರೂ ನದಿಗೆ ಇಳಿಯಬಾರದು."

"ಆಯ್ತಮ್ಮ," ಎಂದು ದೊರೆ ನಕ್ಕ. "ಬಿದ್ದ ಮೇಲೆ ಆ ಚೆಂಡನ್ನು ಬಿಚ್ಚಿ ನೋಡುತ್ತೇನೆ. ಒಳಗೆ ಕೂದಲಿದ್ದರೆ ನಿನ್ನ ಗಂಡ ನದಿಗೆ."

"ಒಂದನ್ನೂ ಬಲೆಗೆ ಬಿಡ್ಬೇಡಿ," ಅಂದಳು ಇಲ್ಹಾ ಗಂಡನ ಕಿವಿಯಲ್ಲಿ. ಆಟ ಶುರುವಾಯಿತು.

ಸಿಪಾಯಿಗಳು ಚೆಂಡನ್ನು ಬಲೆಯ ಕಡೆ ಎಸೆದರು, ಚಿಪ್ಪುಗಳು ತಡೆದವು. ಮತ್ತೆ ಎಸೆದರು, ಮತ್ತೆ ತಡೆದವು. ಆ ಟಪಟಪ ಸದ್ದಿಗೆ ನದಿಯ ಮಂಜುಗಡ್ಡೆ ಬಿರುಕು ಬಿಟ್ಟು, ನಿಜವಾದ ಮುದಿ ಚಿಪ್ಪೊಂದು ತಲೆ ಹಾಕಿತು.

"ಥೂ, ಚಿಪ್ಪು ಹೀಗಾ ನಿಲ್ಲೋದು? ಸೊಂಟ ಬಗ್ಗಿಸೋ ಯಂಬು."

"ಚಿಪ್ಪಿಗೆ ಸೊಂಟ ಎಲ್ಲಿದೆ ಅಜ್ಜಿ?"

"ನನಗಿಲ್ಲ, ಅದಕ್ಕೇ ನಾನು ಸಿಕ್ಕಿಬೀಳ್ತೀನಿ. ನಿನಗಿದೆಯಲ್ಲ, ಬಗ್ಗಿಸು."

ಯಂಬು ಬಗ್ಗಿಸಿದ. ಎಷ್ಟು ಬಗ್ಗಿಸಿದನೆಂದರೆ ಸೊಂಟ ಹಾಗೇ ಹಿಡಿದುಕೊಂಡಿತು. ನಾಲ್ಕು ಜನ ಹೊತ್ತುಕೊಂಡು ಹೋದರು, ಮಡಚಿದ ಹಾಗೇ.

ಈಗ ಸಹಾಲಿಯಾನ್ ಒಬ್ಬನೇ. ಎಡಕ್ಕೆ ಹಾರಿದ, ತಡೆದ. ಬಲಕ್ಕೆ ಹಾರಿದ, ತಡೆದ. ಜಾರಿದ, ಬಿದ್ದ. ಬಿದ್ದಲ್ಲಿಂದ ಕಾಲೆತ್ತಿ ತಡೆದ. "ಏಳ್ರೀ," ಅಂತ ಇಲ್ಹಾ. "ಸೊಂಟ, ಸೊಂಟ," ಅಂತ ಮುದಿ ಚಿಪ್ಪು. ದೊರೆ ಕೂತಲ್ಲೇ ಎಡಕ್ಕೆ ವಾಲಿದ, ಬಲಕ್ಕೆ ವಾಲಿದ, ತೊಡೆ ಚಚ್ಚಿಕೊಂಡ. "ಹಾಗಲ್ಲಯ್ಯಾ, ಹೀಗೆ," ಎಂದು ಗಾಳಿಯಲ್ಲಿ ಕೈ ಬೀಸಿದ.

ಅಷ್ಟರಲ್ಲಿ ಚೆಂಡು ಎತ್ತರಕ್ಕೆ ಹಾರಿತು. ಸಹಾಲಿಯಾನನ ತಲೆ ದಾಟಿತು. ಮಂತ್ರಿ ಬಲೆ ಒಡ್ಡಿದ. ಇಲ್ಹಾ ಕಣ್ಣು ಮುಚ್ಚಿದಳು.

ಟಪ್.

ಕಣ್ಣು ಬಿಟ್ಟರೆ, ದೊರೆ. ಟೋಪಿ ಎಸೆದು, ಯಂಬುವಿನ ಚಿಪ್ಪುಗಳನ್ನು ಹಿಡಿದು, ಎರಡರ ನಡುವೆ ಚೆಂಡನ್ನು ಒತ್ತಿ ನಿಂತಿದ್ದಾನೆ.

"ಮಹಾಪ್ರಭು, ಅದು ನಿಮ್ಮದೇ ಮುತ್ತು," ಅಂದ ಮಂತ್ರಿ, ಖಾಲಿ ಬಲೆ ತೋರಿಸುತ್ತ.

"ಅದು ದೊರೆಯ ಮುತ್ತು ಕಣಯ್ಯ. ನಾನೀಗ ಚಿಪ್ಪು. ಚಿಪ್ಪು ಎಲ್ಲಾದರೂ ಮುತ್ತು ಬಿಟ್ಟುಕೊಡತ್ತಾ? ಎಸೀರೋ ಇನ್ನೊಂದ್ಸಲ."

ಎಸೆದರು. ತಡೆದ. ಎಸೆದರು. ತಡೆದ. ಹಿಮ ಕರಗಿತು, ಹುಲ್ಲು ಬಂತು, ಮತ್ತೆ ಹಿಮ ಬಿತ್ತು. ತನ್ನ ಮುತ್ತು ತನಗೆ ಸಿಗದ ಹಾಗೆ ದೊರೆ ಇನ್ನೂ ತಡೆಯುತ್ತಲೇ ಇದ್ದಾನೆ. ಸಹಾಲಿಯಾನ್ ಪಕ್ಕದಲ್ಲೇ ಇದ್ದಾನೆ, ಪಾದ ಒದ್ದೆಯಾಗದೆ.

ನೀತಿ ಏನಪ್ಪಾ ಅಂದರೆ, ಕೈಗೆ ಚಿಪ್ಪು ಬಂತು ಅಂತ ಯಾರೂ ಅಳಬೇಡಿ. ಇನ್ನೊಂದು ಕೈಗೂ ಒಂದು ಇಸಿದುಕೊಳ್ಳಿ. ಅವರು ಹಿಮದಲ್ಲಿ ಕುಣಿಯುತ್ತಿದ್ದಾರೆ, ನಾವು ಬೆಂಕಿ ಮುಂದೆ ಬೆವರುತ್ತಿದ್ದೇವೆ.