ಅಡಿಗೆಯವನ ಎಲೆ

“ಬುದ್ಧಿ, ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವನೇ ದೊಡ್ಡವನಲ್ಲವೇ?” ಎಂದು ಶಿಷ್ಯ ಕೇಳಿದ.

ಮಠದ ದಾಸೋಹದ ಹೊಣೆ ಅವನದು. ಸಕ್ಕರೆ ಕಾಯಿಲೆಗೆ ವೈದ್ಯರು ಅವನಿಗೆ ಆ ತಿಂಗಳಷ್ಟೇ ಇನ್ಸುಲಿನ್ ಬರೆದುಕೊಟ್ಟಿದ್ದರು. ಇನ್ನು ಸ್ವಲ್ಪ ಹೊತ್ತಿಗೆ ಸೂಜಿ ಚುಚ್ಚಿಕೊಂಡು, ಕೊನೆಯ ಪಂಕ್ತಿ ಏಳುವವರೆಗೂ ಬಡಿಸಲು ನಿಲ್ಲುವವನಿದ್ದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಅಡಿಗೆಯವನಿದ್ದ. ಮದುವೆ ಅಡಿಗೆಯಲ್ಲಿ ಹೆಸರಾದವನು. ಅವನ ಸಾರಿನ ಆಸೆಗೆ ಜನ ಮರೆತುಹೋದ ನೆಂಟಸ್ತನವನ್ನೂ ನೆನಪು ಮಾಡಿಕೊಂಡು ಬರುತ್ತಿದ್ದರು. ಆದರೆ ಅವನ ಹೆಮ್ಮೆ ಸಾರಿನದಲ್ಲ. “ಮೂವತ್ತು ವರ್ಷ ಆಯ್ತು. ನಾನು ಒಲೆ ಹಚ್ಚಿದ ಕಡೆ ಒಬ್ಬರೂ ಹಸಿದುಕೊಂಡು ಹೋಗಿಲ್ಲ” ಎನ್ನುತ್ತಿದ್ದ. ಅದು ನಿಜವೂ ಆಗಿತ್ತು. ಕೊನೆಯ ಅತಿಥಿ ಕೈ ತೊಳೆದ ಮೇಲೆಯೇ ಅವನು ತನ್ನ ಎಲೆ ಹಾಕಿಕೊಳ್ಳುತ್ತಿದ್ದ.

ಅವನಿಗೂ ಸಕ್ಕರೆ ಕಾಯಿಲೆ ಬಂತು. ವೈದ್ಯರು ಇನ್ಸುಲಿನ್ ಬರೆದುಕೊಟ್ಟರು. ಅದನ್ನೂ ಅವನು ಅಡಿಗೆ ಕಲಿತಷ್ಟೇ ಶ್ರದ್ಧೆಯಿಂದ ಕಲಿತ. ಸೋಪು ಹಚ್ಚಿ ಕೈ ತೊಳೆಯುವನು. ಬಾಟಲಿಯನ್ನು ಕುಲುಕದೆ ಅಂಗೈಗಳ ನಡುವೆ ಮೆಲ್ಲಗೆ ಉರುಳಿಸುವನು. ಸಾವಿರ ಜನದ ಅಡಿಗೆಗೆ ಕಣ್ಣಂದಾಜಿನಲ್ಲಿ ಉಪ್ಪು ಹಾಕುವವನು, ಇಲ್ಲಿ ಸಿರಿಂಜನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಗೆರೆ ನೋಡುವನು. ಗುಳ್ಳೆ ಕಂಡರೆ ಬೆರಳಿನಿಂದ ತಟ್ಟಿ ಹೊರಗೆ ಕಳಿಸುವನು. ನಿನ್ನೆ ಚುಚ್ಚಿದ ಜಾಗ ಬಿಟ್ಟು ಹೊಟ್ಟೆಯ ಇನ್ನೊಂದು ಕಡೆ ಚುಚ್ಚಿಕೊಳ್ಳುವನು. ಆಸ್ಪತ್ರೆಯ ನರ್ಸಮ್ಮ ನೋಡಿ ಶಹಬ್ಬಾಸ್ ಎಂದಳು. ಆ ಶಹಬ್ಬಾಸನ್ನು ಅವನು ಊರಿಗೆಲ್ಲ ಹಂಚಿದ.

ಚುಚ್ಚಿಕೊಂಡ ಅರ್ಧ ಗಂಟೆಯೊಳಗೆ ಊಟ ಮಾಡಬೇಕು ಎಂದು ವೈದ್ಯರು ಒತ್ತಿ ಹೇಳಿದ್ದರು. ಮನೆಯಲ್ಲಿ ಹೆಂಡತಿ ತಪ್ಪದೆ ಬಡಿಸುತ್ತಿದ್ದಳು. ಹಾಗಾಗಿ ಆ ಮಾತನ್ನು ಅವನು ತಲೆಗೇ ಹಾಕಿಕೊಂಡಿರಲಿಲ್ಲ.

ಒಂದು ಮದುವೆಯ ದಿನ ಮಧ್ಯಾಹ್ನ ಸರಿಯಾದ ಹೊತ್ತಿಗೆ, ಸರಿಯಾದ ಗೆರೆಗೆ ಔಷಧಿ ತುಂಬಿಕೊಂಡು ಚುಚ್ಚಿಕೊಂಡ. ಮತ್ತೆ ಒಲೆಯ ಮುಂದೆ ನಿಂತ. ಮೊದಲ ಪಂಕ್ತಿ ಎದ್ದಿತು. ಗಂಡಿನ ಕಡೆಯವರ ಬಸ್ಸು ತಡವಾಗಿ ಬಂತು. ಎರಡನೆಯ ಪಂಕ್ತಿ ಕೂತಿತು, ಮೂರನೆಯದೂ ಕೂತಿತು. ಅವನ ಮೈ ಬೆವರಿತು. ಒಲೆಯ ಕಾವು ಎಂದುಕೊಂಡ. ಕೈ ನಡುಗಿತು. ಸಾರಿನ ದೊಡ್ಡ ಕೊಳದಪ್ಪಲೆ ಎತ್ತಿದ್ದಕ್ಕೆ ಎಂದುಕೊಂಡ. ಸೌಟು ಕೆಳಗೆ ಬಿತ್ತು. ಅದರ ಹಿಂದೆಯೇ ಅವನೂ ಕುಸಿದು ಕೂತ.

ಅಂದು ಅಡಿಗೆಗೆ ಕೈಜೋಡಿಸಲು ಬಂದು ಪಾಯಸಕ್ಕೆ ಏಲಕ್ಕಿ ಬಿಡಿಸುತ್ತಿದ್ದ ಹೆಂಡತಿ ಓಡಿ ಬಂದಳು. ಅವನಿಗೆ ಇನ್ನೂ ಎಚ್ಚರವಿತ್ತು. ನೀರಿಗೆ ಸಕ್ಕರೆ ಸುರಿದು ಕಲಕಿ ಗುಟುಕು ಗುಟುಕಾಗಿ ಕುಡಿಸಿದಳು. ಕಣ್ಣು ತಿಳಿಯಾದಾಗ ಅವನು ಕೇಳಿದ ಮೊದಲ ಮಾತು, “ಪಂಕ್ತಿ ಎದ್ದಿತಾ?”

“ಎದ್ದಿತು. ಆದರೆ ಮೂವತ್ತು ವರ್ಷದಲ್ಲಿ ಮೊದಲ ಸಲ ನಿಮ್ಮ ಒಲೆ ಮುಂದೆ ಒಬ್ಬರು ಹಸಿದು ಬಿದ್ದರು” ಎಂದಳು ಹೆಂಡತಿ.

ಆ ಮಾತು ಅವನಿಗೆ ಯಾವ ಸೂಜಿಗಿಂತಲೂ ಆಳವಾಗಿ ಚುಚ್ಚಿತು. ಅಂದಿನಿಂದ ಯಾರ ಮನೆಯ ಮದುವೆಯಾಗಲಿ, ಅಡಿಗೆಮನೆಯ ಮೂಲೆಯಲ್ಲಿ ಮೊದಲು ಒಂದು ಎಲೆ ಬೀಳುತ್ತಿತ್ತು. ಎಲೆಗೆ ಅನ್ನ ಬಿದ್ದ ಮೇಲೆಯೇ ಅವನು ಸಿರಿಂಜು ತೆಗೆಯುತ್ತಿದ್ದ. ಚುಚ್ಚಿಕೊಂಡು, ಉಂಡು, ಆಮೇಲೆ ಬಡಿಸಲು ಏಳುತ್ತಿದ್ದ. ಅತಿಥಿಗಳಿಗಿಂತ ಮುಂಚೆ ಅಡಿಗೆಯವನು ಉಣ್ಣುವುದೇ ಎಂದು ಕೆಲವರು ಮೂಗು ಮುರಿದರು. ಅವನು ತಲೆ ತಗ್ಗಿಸಲಿಲ್ಲ. “ನಾನು ಒಲೆ ಹಚ್ಚಿದ ಕಡೆ ಒಬ್ಬರೂ ಹಸಿದಿರುವುದಿಲ್ಲ” ಎಂದು ಮೊದಲಿಗಿಂತ ಜೋರಾಗಿಯೇ ಹೇಳುತ್ತಿದ್ದ. “ಅವನನ್ನು ನೆನೆದರೆ ನನಗೂ ಹೆಮ್ಮೆಯಾಗುತ್ತದೆ” ಎಂದರು ಗುರುಗಳು.

ಇಷ್ಟು ಹೇಳಿ ಎದ್ದರು.

“ಇವತ್ತಿನ ದಾಸೋಹಕ್ಕೆ ಎಷ್ಟು ಎಲೆ?”

“ನೂರಿಪ್ಪತ್ತು, ಬುದ್ಧಿ” ಎಂದ ಶಿಷ್ಯ.

“ನಿನ್ನನ್ನು ಸೇರಿಸಿಯೋ, ಬಿಟ್ಟೋ?”

ಶಿಷ್ಯ ಕಟ್ಟಿನಿಂದ ಇನ್ನೊಂದು ಎಲೆ ತೆಗೆದು ಅಡಿಗೆಮನೆಯ ಮೂಲೆಯಲ್ಲಿ ಹಾಸಿದ.