ಗುಂಪು ಸೇರಲು ಓಡಿದ ಗ್ಯಾಲಕ್ಸಿ

ಒಂಟಿಯಾಗಿದ್ದ ಪುಟ್ಟ ಗ್ಯಾಲಕ್ಸಿಯೊಂದರ ಅಂಚಿನಿಂದ ಚಿಟಿಕೆಯಷ್ಟು ಜಲಜನಕ ಕಳಚಿಹೋದ ಘೋರ ಸುದ್ದಿ ವರದಿಯಾಗಿದೆ. ಹೋದದ್ದು ಅಷ್ಟೇ, ಆದರೂ ಗ್ಯಾಲಕ್ಸಿ ನಡುಗಿಹೋಯಿತು. ಮುಂದೆ ಅದರ ನಕ್ಷತ್ರಗಳೆಲ್ಲ ಜಲಜನಕವೆಂಬ ಆ ತಣ್ಣನೆಯ ಅನಿಲದಿಂದಲೇ ಹುಟ್ಟಬೇಕಿತ್ತು.

"ಇಲ್ಲಿ ಒಂಟಿಯಾಗಿದ್ದರೆ ಎಲ್ಲವನ್ನೂ ಕಳೆದುಕೊಳ್ಳುತ್ತೇನೆ," ಎಂದು ಅದು ದೂರದ ಗ್ಯಾಲಕ್ಸಿಗಳ ಗುಂಪಿನತ್ತ ಓಡತೊಡಗಿತು.

ಗುಂಪಿನ ನಡುವೆ ಕೂತಿದ್ದ ಹಿರಿಯ ಗ್ಯಾಲಕ್ಸಿ, "ಬಾ ತಂಗಿ, ಇಲ್ಲಿ ಎಲ್ಲರೂ ಬೆಚ್ಚಗಿದ್ದೇವೆ," ಎಂದು ಕರೆಯಿತು.

ಬೆಚ್ಚಗಿದ್ದುದು ನಿಜ. ಗುಂಪಿನ ತುಂಬ ಹರಡಿದ್ದ ಬಿಸಿ ಅನಿಲ, ಒಳಗೆ ಓಡಿಬಂದ ಪುಟ್ಟ ಗ್ಯಾಲಕ್ಸಿಗೆ ಎದುರುಗಾಳಿಯಂತೆ ಬಡಿಯಿತು. ಅದರ ಮೈಗಂಟಿದ್ದ ಜಲಜನಕ ಚೀರಿತು: "ಅಮ್ಮಾ, ನಿಧಾನ! ನೀನು ಓಡಿದಷ್ಟೂ ಗಾಳಿ ಜೋರಾಗುತ್ತೆ. ನನ್ನ ಕೈ ಜಾರ್ತಿದೆ!"

"ಅಯ್ಯೋ, ಈಗಲೇ ಜಾರ್ತಿದೆಯಾ? ಹಾಗಾದ್ರೆ ಇನ್ನೂ ಬೇಗ ತಲುಪಬೇಕು," ಎಂದು ಗ್ಯಾಲಕ್ಸಿ ವೇಗ ಹೆಚ್ಚಿಸಿತು.

"ಅಮ್ಮಾ..." ಎಂಬ ದನಿ ಬಹಳ ಹಿಂದೆಲ್ಲೋ ಕೇಳಿಸಿತು. ತಿರುಗಿ ನೋಡಲು ಗ್ಯಾಲಕ್ಸಿಗೆ ಧೈರ್ಯ ಬರಲಿಲ್ಲ.

ಕೊನೆಗೂ ಗುಂಪಿನ ನಡುವೆ ಬಂದು ತಲುಪಿದಾಗ ಹಿರಿಯ ಗ್ಯಾಲಕ್ಸಿ ಪಕ್ಕದಲ್ಲಿ ಜಾಗ ಬಿಟ್ಟುಕೊಟ್ಟು ಹೇಳಿತು: "ಇನ್ನು ಹೆದರಬೇಡ ತಂಗಿ. ಇಲ್ಲಿ ಯಾರ ಬಳಿಯೂ ಕಳೆದುಕೊಳ್ಳಲು ಏನೂ ಉಳಿದಿಲ್ಲ. ನಾವೆಲ್ಲ ಹೀಗೇ ಓಡಿಬಂದವರು."

ಪುಟ್ಟ ಗ್ಯಾಲಕ್ಸಿ ಈಗ ಗುಂಪಿನಲ್ಲಿ ಸುರಕ್ಷಿತವಾಗಿದೆ. ಅದರಲ್ಲಿ ಆಮೇಲೆ ಒಂದು ನಕ್ಷತ್ರವೂ ಹುಟ್ಟಿಲ್ಲ.